ಓಗೊಡುವ ಹೆಸರು

ಪ್ರಿಂಟರ್ ಒಂದು ನಡೆಯದೇ ಇರಲಿ ದೇವರೇ, ಎಂದು ವಸುಧಾ ಮನಸ್ಸಿನಲ್ಲೇ ಬೇಡಿಕೊಂಡಳು. ದಿನಾ ಮಲಗುವ ಮುಂಚೆ ದಿನಚರಿ ಬರೆಯುವ ಹುಡುಗಿ ಅವಳು. ಈ ಬೇಡಿಕೆಯನ್ನು ಮಾತ್ರ ಅಲ್ಲಿಯೂ ಬರೆಯುವ ಹಾಗಿಲ್ಲವೆಂದು ಬೇಡಿದ ಕ್ಷಣಕ್ಕೇ ಗೊತ್ತಾಯಿತು.

ರೋಣದ ಆ ಮನೆಯ ಮುಂದಿನ ಖೋಲಿಯೇ ಕಂಪ್ಯೂಟರ್ ಟೈಪಿಂಗ್ ಅಂಗಡಿ. ಬಿ.ಎ. ಮುಗಿದಾಗಿನಿಂದ ವಸುಧಾ ಕೂಡುತ್ತಿದ್ದ ಖುರ್ಚಿಯಲ್ಲಿ ಈಗ ಅಣ್ಣನ ಹೆಂಡತಿ, ವೈನಿ, ಕೂತಿದ್ದಳು. ಅಣ್ಣ ಅಮೇಯನ ಮದುವೆಯ ತೋರಣ ಬಾಗಿಲಲ್ಲಿ ಇನ್ನೂ ಪೂರ್ತಿ ಒಣಗಿರಲಿಲ್ಲ. ವೈನಿ ನರಗುಂದದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದವಳು. ಗಿರಾಕಿಗಳು ತರುವ ಫ್ಲಾಪಿಗಳಿಂದ ವಿಂಡೋಸ್‌ಗೆ ಮೇಲಿಂದ ಮೇಲೆ ವೈರಸ್ ಹತ್ತುವುದನ್ನು ನೋಡಿ, ಪಕ್ಕದಲ್ಲೇ ವೈರಸ್ ಹತ್ತದ ಲಿನಕ್ಸ್ ಹಾಕೋಣ, ಎರಡೂ ಇರಲಿ, ಬೇಕಾದ್ದನ್ನು ಆರಿಸಿ ಚಾಲೂ ಮಾಡಿದರಾಯಿತು ಎಂದಿದ್ದಳು. ಮುಂಜಾನೆಯಿಂದ ಅದೇ ನಡೆದಿತ್ತು. ಮೊದಲು ಪರದೆಯ ಮೇಲೆ ಬರೀ ಗೆರೆಗಳು ಬಂದವು. ವೈನಿ ಏನೋ ತಿದ್ದಿದಳು, ಚಿತ್ರ ನೆಟ್ಟಗೆ ನಿಂತಿತು. ಮೌಸ್ ಅಲುಗಲಿಲ್ಲ. ಅದನ್ನೂ ಲಿನಕ್ಸ್‌ಗೆ ಗುರುತು ಮಾಡಿಕೊಟ್ಟಳು. ಒಂದೊಂದು ಸರಿಯಾದಾಗಲೂ ಅಮೇಯ ಶಾಭಾಸ್ ಎನ್ನುತ್ತಿದ್ದ. ಇಷ್ಟು ವರ್ಷ ಅಡತಿ ಅಂಗಡಿಗಳ ಬಿಲ್ಲು ಬಡಿದೂ ಬಡಿದೂ ಬೆರಳು ಸವೆಸಿದ ವಸುಧಾಳ ಪಾಲಿಗೆ ಆ ಶಬ್ದ ಒಮ್ಮೆಯೂ ಬಂದದ್ದಿಲ್ಲ.

ಉಳಿದದ್ದು ಪ್ರಿಂಟರ್. ಅದೂ ನಡೆದರೆ ಇನ್ನು ಅಂಗಡಿ ನಿಮ್ಮ ವೈನಿ ನೋಡಿಕೊಳ್ಳಲಿ, ನೀನು ಒಳಗೆ ಅವ್ವನಿಗೆ ಆಸರಾಗು ಎಂದು ಅಣ್ಣ ಚಹಾ ಕುಡಿಯುತ್ತ ಹೇಳಿದ್ದ. ತಂಗಿಗೆ ಉಪಕಾರ ಮಾಡಿದೆನೆಂದೇ ತಿಳಿದಿದ್ದ.

ಪ್ರಿಂಟರಿನ ಮುಖದ ಮೇಲಿದ್ದ ಕಂಪನಿಯ ಹೆಸರು ಲಿನಕ್ಸ್ ತೋರಿಸಿದ ಪಟ್ಟಿಯಲ್ಲಿ ಇರಲಿಲ್ಲ. ವೈನಿ ಹತ್ತಿರದ್ದೆನಿಸಿದ ಒಂದೊಂದೇ ಹೆಸರು ಆರಿಸಿ ನೋಡಿದಳು. ಒಮ್ಮೆ ಅದು ಸುಮ್ಮನೆ ಕೂತಿತು, ಇನ್ನೊಮ್ಮೆ ಕಾಗದದ ತುಂಬ ಅರ್ಥವಿಲ್ಲದ ಅಕ್ಷರ ಉಗುಳಿತು. ಕಡೆಗೆ ವಿಂಡೋಸ್‌ಗೆ ಹೋಗಿ ಅಲ್ಲಿ ಅದಕ್ಕೆ ಏನು ಹೆಸರಿದೆ ಎಂದು ಹುಡುಕಿದಳು. ಅಲ್ಲಿ ‘ವಸುಧಾ’ ಎಂದಿತ್ತು. ಮೊದಲ ಸಲ ಜೋಡಿಸುವಾಗ, ಇದನ್ನು ಏನೆಂದು ಕರೆಯಲಿ ಎಂದು ಯಂತ್ರ ಕೇಳಿತ್ತು. ಖೋಲಿಯಲ್ಲಿ ಯಾರೂ ಇಲ್ಲದ್ದನ್ನು ನೋಡಿ ವಸುಧಾ ತನ್ನ ಹೆಸರನ್ನೇ ಒತ್ತಿಬಿಟ್ಟಿದ್ದಳು.

“ನಿಮ್ಮ ಹೆಸರು ಇಟ್ಟೀರಿ ನೋಡ್ರಿ,” ವೈನಿ ನಕ್ಕಳು. “ಅದಕ್ಕ ನನ್ನ ಮಾತು ಕೇಳವಲ್ದು. ಆವಾಗ ಪಟ್ಟಿಯೊಳಗ ಯಾವುದು ಆರಿಸಿದ್ರಿ, ನೆನಪದ ಏನ್ರಿ?”

“ಅಕಿನ್ನ ಏನ್ ಕೇಳ್ತಿ,” ಅಮೇಯ ನಡುವೆ ಬಾಯಿ ಹಾಕಿದ. “ಅಕಿಗೆ ಟೈಪ್ ಮಾಡೋದಷ್ಟ ಗೊತ್ತು.” ಗದಗಿನ ಮೆಕ್ಯಾನಿಕ್‌ಗೆ ಫೋನ್ ಹಚ್ಚುತ್ತೇನೆಂದು ಮೊಬೈಲ್ ಹಿಡಿದು ಹೊರಗಿನ ಕಟ್ಟೆಗೆ ಹೋದ.

ನೆನಪಿಲ್ಲ ಎಂದಳು ವಸುಧಾ. ನೆನಪು ನಾಲಿಗೆಯ ತುದಿಯಲ್ಲೇ ಇತ್ತು. ಇದು ಸಣ್ಣ ಕಂಪನಿಯದು, ಇದರ ಸ್ವಂತ ಹೆಸರಿಗೆ ಇದು ಓಗೊಡುವುದಿಲ್ಲ, ಒಳಗಿನ ನಡೆಯೆಲ್ಲ ಇಂಥ ದೊಡ್ಡ ಕಂಪನಿಯದರಂತೆ, ಆ ಹೆಸರಿನಿಂದ ಕರೆದರೆ ಸಾಕು ಎಂದು ಅದೇ ಮೆಕ್ಯಾನಿಕ್ ಅಂದು ಅವಳಿಗೆ ಫೋನಿನಲ್ಲಿ ಹೇಳಿಕೊಟ್ಟಿದ್ದ.

ಒಳಗಿನಿಂದ ತಾಯಿ ಲೀಲಾಬಾಯಿ, “ಸುಮತೀ” ಎಂದು ಕೂಗಿದಳು. ವೈನಿ ಪರದೆ ನೋಡುತ್ತಲೇ ಇದ್ದಳು. ತಾಯಿ ಇನ್ನೊಮ್ಮೆ ಕೂಗಿದಳು. ಅದೂ ಕೇಳಲಿಲ್ಲ. “ಅಮೇಯಾ, ನಿನ್ನ ಹೆಂಡ್ತಿಗೆ ಕಿವಿ ಮಂದ ಅದಾವ ಏನಪಾ, ಬೀಗರು ಹೇಳಲೇ ಇಲ್ಲಲ್ಲ” ಎಂಬುದು ಮಾತ್ರ ಕೇಳಿಸಿತು. ವೈನಿ ಗಡಬಡಿಸಿ ಎದ್ದಳು. ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಅಮೇಯ ಉಂಗುರದಿಂದ ಬರೆದು ಅವಳಿಗಿಟ್ಟ ಹೊಸ ಹೆಸರು ಅದು, ಲೀಲಾಬಾಯಿಯ ತಾಯಿಯದು. ಅಲ್ಲಿಯವರೆಗೆ ಅವಳಿಗೆ ಬೇರೆ ಹೆಸರಿತ್ತು; ಲಗ್ನಪತ್ರಿಕೆಯಲ್ಲಿ ಅದನ್ನು ಟೈಪ್ ಮಾಡಿದವಳು ವಸುಧಾಳೇ.

ವೈನಿ ತಿರುಗಿ ಬಂದು ಕೂತಾಗ ಕಣ್ಣು ಕೆಂಪಗಿದ್ದವು. “ನನ್ನ ಕಿವಿ ಚಲೋ ಅದಾವ್ರಿ,” ಎಂದು ಮೆಲ್ಲಗೆ ಅಂದಳು. “ನನ್ನ ಕರೀತಾರ ಅಂತ ತಿಳಿಯೂದ ಇಲ್ಲ. ಯಾರೋ ಬ್ಯಾರೆಯವರು ಬಂದಾರೇನೋ ಅನಸ್ತದ.” ಮತ್ತೆ ಪಟ್ಟಿಯ ತಲೆಯಿಂದ ಶುರು ಮಾಡಿದಳು.

ವಸುಧಾ ಅವಳ ಬಗ್ಗಿದ ಬೆನ್ನನ್ನು ನೋಡುತ್ತ ನಿಂತಳು. ಹೊಟ್ಟೆಯೊಳಗಿನ ಉರಿ ಆರಿರಲಿಲ್ಲ. ಆದರೂ ಬಾಯಿ ತೆರೆಯಿತು.

“ಶಾಲ್ಮಲಾ ವೈನಿ.”

ಹೆಸರು ಮುಗಿಯುವ ಮೊದಲೇ ವೈನಿ ತಿರುಗಿದಳು. ಮದುವೆಯ ಯಾವ ಫೋಟೋದಲ್ಲಿಯೂ ಆ ಅರಳಿದ ಮುಖ ಇರಲಿಲ್ಲ.

ವಸುಧಾ ಅವಳ ಹೆಗಲ ಮೇಲಿನಿಂದ ಕೈ ಚಾಚಿ ಮೌಸ್ ಹಿಡಿದಳು, ಪಟ್ಟಿಯಲ್ಲಿ ಎಷ್ಟೋ ಕೆಳಗಿದ್ದ ಆ ದೊಡ್ಡ ಕಂಪನಿಯ ಹೆಸರನ್ನು ಒತ್ತಿದಳು. ಪ್ರಿಂಟರ್ ಒಮ್ಮೆ ಗಂಟಲು ಸರಿಮಾಡಿಕೊಂಡಂತೆ ಗುರ್ ಎಂದಿತು. ಆಮೇಲೆ ಕರ್ ಕರ್ ಎಂದು ಅಡ್ಡಾಡಿ ಸಾಲು ಸಾಲಾಗಿ, ಒಂದಕ್ಷರವೂ ತಪ್ಪದೆ ಬಡಿಯತೊಡಗಿತು.

ಸಪ್ಪಳ ಕೇಳಿ ಅಮೇಯ ಓಡಿ ಬಂದ. ಕಾಗದ ಎತ್ತಿ ಬೆಳಕಿಗೆ ಹಿಡಿದ. “ಶಾಭಾಸ್ ಸುಮತಿ,” ಎಂದ.

ವೈನಿ ತಿರುಗಲಿಲ್ಲ. ಪ್ರಿಂಟರ್ ಬಡಿಯುತ್ತಲೇ ಇತ್ತು. ಅದನ್ನೂ ಮೀರಿ ಕೇಳುವಂತೆ, ಆ ಅಂಗಡಿಯಲ್ಲಿ ಹಿಂದೆಂದೂ ತೆಗೆಯದ ದನಿಯಲ್ಲಿ ವಸುಧಾ ಹೇಳಿದಳು:

“ಅಣ್ಣಾ, ಆ ಖುರ್ಚಿ ನನಗ ಬೇಕು.”