ಸಿಂಹಪುರಿಯ ರಾಣಿ, ಸಿಂಕಿನ ಶತ್ರುಗಳು

ಆ ಕಾಲಕ್ಕೆ ಊರಿಗೆ ಊರೇ ಕಣ್ಣೆದುರು ಬೇರೆ ಲೋಕ ತೋರಿಸುವ ಕನ್ನಡಕ ಏರಿಸಿಕೊಂಡು 'ಸಿಂಹಪುರಿ' ಎಂಬ ಆಟದೊಳಗೆ ಸಂಸಾರ ಹೂಡಿತ್ತು. ತಿಂಗಳಿಗೊಮ್ಮೆ ಚಂದಾ ಕಟ್ಟಿದರೆ ಯಾರು ಬೇಕಾದರೂ ವೀರರು; ಒಳಗೆ ಹೊಕ್ಕರೆ ಮುಖವೂ ಬೇರೆ, ದನಿಯೂ ಬೇರೆ. ದಾವಣಗೆರೆಯ ಶ್ರೀಕಂಠ ಹಾಗೆ ಚಂದಾ ಕಟ್ಟಿಯೇ ಮೂರು ತಿಂಗಳಿಂದ ಸಿಂಹಪುರಿಯ ಕುದುರೆ ಲಾಯ ಗುಡಿಸುತ್ತಿದ್ದ. ಮನೆಯಲ್ಲಿ ಮಾತ್ರ ಉಂಡ ತಟ್ಟೆಯನ್ನೂ ಎತ್ತಿದವನಲ್ಲ.

ಹೆಂಡತಿ ಗಿರಿಜಾಂಬ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. ಸಿಂಕಿನಲ್ಲಿ ಮೂರು ದಿನದ ಪಾತ್ರೆ ಬಿದ್ದಿತ್ತು.

"ರೀ, ಇವತ್ತಾದ್ರೂ ಪಾತ್ರೆ ತೊಳೀರಿ."

"ಲಾಯದ ಕೆಲ್ಸ ಬಿಟ್ಟು ಬರೋಕಾಗುತ್ತೇನೇ? ಸೇನಾಪತಿ ಆಗೋಕೆ ಇನ್ನು ಎರಡೇ ಮೆಟ್ಲು!"

ಗಿರಿಜಾಂಬ ತಾನೂ ಚಂದಾ ಕಟ್ಟಿದಳು. ಇಪ್ಪತ್ತು ವರ್ಷ ಇಂಥವನ ಸಂಸಾರ ತೂಗಿಸಿದವಳಿಗೆ ಒಂದು ರಾಜ್ಯ ಯಾವ ಲೆಕ್ಕ? ಸಂಜೆಯೊಳಗೆ ಸಿಂಹಾಸನ ಏರಿ ಕೂತು ಅಪ್ಪಣೆ ಹೊರಡಿಸಿದಳು.

"ಲಾಯದ ಶ್ರೀಕಂಠ! ನಿನ್ನ ಮನೆಯ ಸಿಂಕಿನಲ್ಲಿ ಶತ್ರುಗಳು ಅಡಗಿದ್ದಾರೆ. ಒಬ್ಬೊಬ್ಬರನ್ನೂ ಉಜ್ಜಿ ಉಜ್ಜಿ ಸದೆಬಡಿ. ತಳ ಹತ್ತಿದವರನ್ನಂತೂ ಬಿಡಲೇಬೇಡ!"

ಶ್ರೀಕಂಠ ಪಂಚೆ ಎತ್ತಿ ಕಟ್ಟಿ ನುಗ್ಗಿದ. ಅರ್ಧ ಗಂಟೆಯಲ್ಲಿ ಕುಕ್ಕರ್ ಸಮೇತ ಎಲ್ಲವೂ ಫಳಫಳ ಹೊಳೆದವು.

"ಇಡೀ ಸೈನ್ಯದಲ್ಲಿ ರಾಣಿಯವ್ರು ನನ್ನನ್ನೇ ಆರಿಸಿದ್ರು ಕಣೇ," ಎಂದು ಕನ್ನಡಕ ತೆಗೆಯದೆಯೇ ಬೀಗುತ್ತಾ ಬಂದ. "ಏನು ಗತ್ತು, ಏನು ಗಾಂಭೀರ್ಯ! ನೀನೂ ಇದೀಯ. ಹೋಗು, ಯುದ್ಧ ಮಾಡಿ ಬಂದಿದೀನಿ, ಕಾಫಿ ಕೊಡು."

ಗಿರಿಜಾಂಬ ಎಡಗೈಯಲ್ಲಿ ಕನ್ನಡಕ ಏರಿಸಿಕೊಂಡು ಮೆಲ್ಲಗೆ ಏನೋ ಅಂದಳು.

ಶ್ರೀಕಂಠ ತಟ್ಟನೆ ನೆಟ್ಟಗೆ ನಿಂತ. "ತಡಿಯೇ, ರಾಣಿಯವ್ರ ಅಪ್ಪಣೆ ಬಂತು!" ಎಂದವನೇ ಹಾಲು ಕಾಯಿಸಲು ಓಡಿದ. ಒಳಗಿನಿಂದ ಕೂಗಿದ: "ಎರಡು ಲೋಟ ಮಾಡ್ಬೇಕಂತೆ. ಒಂದು ನಿಂಗೆ. ನೀನು ಸಕ್ಕರೆ ಎಷ್ಟು ಹಾಕ್ಕೋತೀಯೇ?"