ಗಡಿಕಲ್ಲಿನ ಗುರುತು

“ನಂಗೇನೂ ನೆನಪಿಲ್ಲಮ್ಮ.” ಮೂರನೆಯ ಸಲ ಹೇಳಿ, ಮುದುಕ ಆಸ್ಬರ್ಟ್ ಟೊಪ್ಪಿಗೆಯನ್ನು ಹುಬ್ಬಿನವರೆಗೂ ಎಳೆದುಕೊಂಡ.

ವಿಧವೆ ಸೊಸೆ ಆವಿಸ್ ನಂಬಲಿಲ್ಲ. ಗಡಿಕಲ್ಲನ್ನು ಯಾರಾದರೂ ಮರೆಯುತ್ತಾರೆಯೇ? ಹಿಂದೆ ವರ್ಷಕ್ಕೊಮ್ಮೆ ಹುಡುಗರನ್ನು ಗಡಿಯುದ್ದಕ್ಕೂ ನಡೆಸಿ, ಕಲ್ಲಿಗೆ ಅವರ ಹಣೆ ಬಡಿಯುತ್ತಿದ್ದುದೇ ಸಾಯುವ ತನಕ ನೆನಪಿರಲೆಂದು. ಈಚೆಯ ಊರಾದ ಸೆಲ್‌ವಿಕ್‌ನವರು ಈಚೆಯ ಮುಖಕ್ಕೆ, ಆಚೆಯವರು ಆಚೆಯ ಮುಖಕ್ಕೆ. ನೋವಿಗೆ ಅತ್ತವರ ಕೈಗೆ ಜೇನು ಸವರಿದ ರೊಟ್ಟಿ.

ಹಳ್ಳದ ದಂಡೆಯ ಆ ಕಲ್ಲು ಈಗ ನೆರೆಯ ಹೂಳಿನಡಿ ಸೇರಿತ್ತು. ಗಡಿಯ ಹುಲ್ಲುಗಾವಲೆಲ್ಲ ತನ್ನದೆಂದು ಆಚೆಯ ಊರನ್ನಾಳುವ ಮಠ ಹೇಳುತ್ತಿತ್ತು. ಮಹಾಮಾರಿಯ ವರ್ಷ ಸೆಲ್‌ವಿಕ್‌ನ ಹಿರಿಯರೆಲ್ಲ ಹೋಗಿದ್ದರು. ಅಷ್ಟು ವಯಸ್ಸಾದವನು ಆಸ್ಬರ್ಟ್ ಒಬ್ಬನೇ. ಅವನೋ ಹಳ್ಳದ ಕಡೆ ಸುಳಿಯುತ್ತಲೇ ಇರಲಿಲ್ಲ.

“ಹುಲ್ಲಿಲ್ದಿದ್ರೆ ಚಳಿಗಾಲಕ್ಕೆ ಹಸು ಉಳಿಯಲ್ಲ, ಮಾವ. ಆಮೇಲೆ ಇವನಿಗೇನು ಕುಡಿಸ್ಲಿ?” ಆವಿಸ್ ಕೂಸನ್ನು ಅವನ ತೊಡೆಯ ಮೇಲಿಟ್ಟಳು.

ಕೂಸು ಗಡ್ಡ ಹಿಡಿಯಿತು. ಆ ಪುಟ್ಟ ಮುಷ್ಟಿಯನ್ನು ಅವನು ಬಹಳ ಹೊತ್ತು ಬಿಡಿಸಲಿಲ್ಲ.

“ಜಾಗ ತೋರಿಸ್ತೀನಿ. ಬೇರೇನೂ ಕೇಳ್ಬೇಡಮ್ಮ,” ಎಂದು ಎದ್ದ.

ಹಳ್ಳದ ಬಳಿ ಮಠದ ಪಾರುಪತ್ಯಗಾರ ಫುಲ್ಕ್ ಕಾದಿದ್ದ. ಅವನ ಹಿಂದೆ ಆಚೆಯ ಊರಿನ ಆಳುಗಳು. ಅಪ್ಪನ ಜೀತ ಮಕ್ಕಳಿಗೂ ಬರುವ ಊರದು. ಸೆಲ್‌ವಿಕ್‌ನವರು ಯಾರ ಜೀತದವರೂ ಅಲ್ಲ. ಮುದುಕ ಎಡವಿದಾಗ ಆ ಆಳುಗಳಲ್ಲೊಬ್ಬ ಓಡಿಬಂದು ತನ್ನ ಊರುಗೋಲು ಕೊಟ್ಟ.

“ಬೇಗ ತೋರ್ಸಯ್ಯ. ನೀನು ನೆನಪು ಮಾಡ್ಕೊಳ್ಳೋಷ್ಟರಲ್ಲಿ ಹುಲ್ಲಿಗೇ ಮುಪ್ಪು ಬರತ್ತೆ,” ಎಂದ ಫುಲ್ಕ್.

ಆಸ್ಬರ್ಟ್ ಆ ಕೋಲನ್ನು ಒಂದು ಮರದ ಬುಡದಲ್ಲಿ ಊರಿದ. ಜೊತೆಗೆ ಬಂದಿದ್ದ ಊರವರು ಸೊಂಟದಾಳ ಅಗೆದಾಗ ಕಲ್ಲು ಸಿಕ್ಕಿತು, ನೆಟ್ಟ ಹಾಗೆಯೇ ನಿಂತಿತ್ತು. ಈಚೆಯ ಮುಖ ಬೋಳು. ಆಚೆ, ಹಳ್ಳದ ಕಡೆಯ ಮುಖದಲ್ಲಿ ಉಬ್ಬಿದ ಶಿಲುಬೆ, ಒಂದು ತೋಳು ಮುರಿದದ್ದು.

“ಯಾವ್ದೋ ಕಲ್ಲು. ಗಡಿಕಲ್ಲು ಇದೇ ಅನ್ನೋಕೆ ಗುರುತೇನು?” ಎಂದ ಫುಲ್ಕ್.

ಆವಿಸ್‌ಗೆ ತಟ್ಟನೆ ಹೊಳೆಯಿತು. ಮಾವನ ತಲೆ ತೊಳೆಯುವಾಗಲೆಲ್ಲ ಕಂಡಿದ್ದಳು. ಅವನು ಕೈ ಹಿಡಿಯುವಷ್ಟರಲ್ಲಿ ಟೊಪ್ಪಿಗೆ ಕಿತ್ತಾಗಿತ್ತು.

“ಇದೇ ಗುರುತು! ನೋಡಿ!”

ಹಣೆಯ ಮೇಲೆ ಬೆಳ್ಳಗಿನ ಕಲೆ, ಒಂದೇ ತೋಳಿನ ಶಿಲುಬೆ.

ಫುಲ್ಕ್ ಕಲ್ಲನ್ನೂ ಹಣೆಯನ್ನೂ ಎರಡೆರಡು ಸಲ ನೋಡಿದ. “ಒಪ್ಪಿದೆ. ಹುಲ್ಲುಗಾವಲು ನಿಮ್ಮದೇ.”

ಊರವರು ಹೋ ಎಂದು ಕೂಗಿದರು. ಆವಿಸ್ ಕೂಸನ್ನು ಎತ್ತಿ ಕುಣಿಸಿದಳು. ಮುದುಕನೊಬ್ಬನೇ ತಲೆಯೆತ್ತಲಿಲ್ಲ.

“ಆದ್ರೆ ಶಿಲುಬೆ ಇರೋದು ನಮ್ಮ ಕಡೆ, ತಾಯಿ,” ಎಂದ ಫುಲ್ಕ್ ಮೆಲ್ಲಗೆ, “ನಮ್ಮ ಜೀತದ ಹುಡುಗರ ಹಣೆಗೆ ಮಾತ್ರ ತಾಗೋದು. ಓಡಿಹೋದವನನ್ನ ನಾವು ಕರ್ಕೊಂಡು ಹೋಗ್ತೀವಿ. ಅವನ ಮೊಮ್ಮಗನನ್ನೂ ಕೊಡು.”