ಕಪ್ಪು ಫೋಟೋ

"ಇಷ್ಟು ಬೆಳಕಿದೆಯಲ್ಲಮ್ಮ, ಇನ್ನೇನು ಸೂರ್ಯನನ್ನೇ ತಂದು ನೇತುಹಾಕಬೇಕಾ?" ಕಾರ್ಖಾನೆ ತಪಾಸಣೆಯ ಅಧಿಕಾರಿ ಫೋಟೋವನ್ನು ತಮ್ಮ ಕಚೇರಿಯ ಮೇಜಿನ ಮೇಲೆ ಎಸೆದರು. ಅಕ್ಕ ಬಟ್ಟೆ ಸುತ್ತಿದ ಬೆರಳನ್ನು ಮಡಿಲಲ್ಲಿ ಮುಚ್ಚಿಕೊಂಡಳು. ಕಾರ್ಖಾನೆಯ ಹೊಲಿಗೆ ಹಾಲ್‌ನ ಮಬ್ಬಿನಲ್ಲಿ ಸೂಜಿ ಅವಳ ಉಗುರನ್ನೇ ತೂರಿ ಹೋಗಿತ್ತು. ಬೆಳಕು ಸಾಲದೆಂಬ ಈ ದೂರು ಬಿದ್ದುಹೋದರೆ ನಾಳೆಯೂ ಅದೇ ಮಬ್ಬು.

ಫೋಟೋ ತೆಗೆದಿದ್ದ ತಂಗಿಗೆ ಮೈಯೆಲ್ಲ ಉರಿಯಿತು. ಸ್ಟುಡಿಯೋ ಅಭ್ಯಾಸದಂತೆ, ಚೆಂದ ಬರಲೆಂದು ಕ್ಯಾಮೆರಾದಲ್ಲಿ ಬೆಳಕು ಹಿಗ್ಗಿಸುವ ಐಎಸ್‌ಒ ಏರಿಸಿದ್ದು ಅವಳೇ. "ಈ ಗೋಡೆ ನೋಡಿ ಸಾರ್, ಮರಳು ಎರಚಿದ ಹಾಗಿದೆ. ಬೆಳಕು ಸಾಲದಿದ್ದಾಗ ಕ್ಯಾಮೆರಾ ಸಿಕ್ಕ ಚೂರನ್ನೇ ಹಿಗ್ಗಿಸುತ್ತೆ, ಆಗ ಹೀಗೆ ಕಾಳುಕಾಳಾಗುತ್ತೆ. ನಮ್ಮಕ್ಕನ ಕಣ್ಣಿಗೆ ಹಿಗ್ಗಿಸೋ ಗುಂಡಿ ಇಲ್ಲ!"

"ನನಗೇ ಕಥೆ ಹೇಳ್ತೀಯಾ?"

ತಂಗಿ ಚೀಲದಿಂದ ಕ್ಯಾಮೆರಾ ತೆಗೆದು, ಐಎಸ್‌ಒ ನೂರಕ್ಕೆ ಇಳಿಸಿ, ಕಿಟಕಿ ಪಕ್ಕ ಕುಳಿತಿದ್ದ ಅಧಿಕಾರಿಯದೇ ಒಂದು ಫೋಟೋ ಹೊಡೆದಳು. ಮೀಸೆಯ ಒಂದೊಂದು ಕೂದಲೂ ಸ್ಪಷ್ಟ. ಆಮೇಲೆ, ಹೊಲಿಗೆ ಹಾಲ್‌ನಲ್ಲಿ ಮೊದಲು ತೆಗೆದು, ಹಾಳಾಯಿತೆಂದು ಯಾರಿಗೂ ತೋರಿಸದಿದ್ದ ಫೋಟೋ ತೋರಿಸಿದಳು. "ಇದೂ ನೂರರಲ್ಲೇ, ಶಟರ್ ವೇಗವೂ ಇಷ್ಟೇ ಇಟ್ಟು ತೆಗೆದಿದ್ದು." ಪರದೆಯೆಲ್ಲ ಕಪ್ಪು, ನಡುವೆ ದಾರದಂಥ ಒಂದು ಟ್ಯೂಬ್‌ಲೈಟು.

ಅಧಿಕಾರಿ ಕನ್ನಡಕ ಮೇಲೇರಿಸಿ ಹುಡುಕಿದರು. "ಇದರಲ್ಲಿ ನಿಮ್ಮಕ್ಕ ಎಲ್ಲಿ?"

"ಅಲ್ಲೇ ಕೂತು ಹೊಲೀತಿದ್ದಾಳೆ ಸಾರ್."

ಅವರು ಅಕ್ಕನ ಬೆರಳನ್ನು ಮೊದಲ ಸಲ ನೋಡಿದರು. ಎದ್ದು, ಬೀರುವಿನಿಂದ ಬೆಳಕು ಅಳೆಯುವ ಮೀಟರನ್ನು ತೆಗೆದು, ಅದರ ಮೇಲಿನ ಧೂಳನ್ನು ಉಫ್ ಎಂದು ಊದಿದರು.

"ನಡೀರಿ, ಆ ಹಾಲ್ ತೋರಿಸಿ."